ಬಿಟ್ಟಿದ್ದ ಓಟ ಮತ್ತೆ ಶುರು: ನಲವತ್ತೈದು ದಾಟಿದವರಿಗೆ ಯಾವ ದಾರಿ ಸರಿ?

ಒಂದು ಕಾಲದಲ್ಲಿ ದಿನಾ ಓಡುತ್ತಿದ್ದವರು ಹತ್ತು ಹದಿನೈದು ವರ್ಷ ಬಿಟ್ಟು ಮತ್ತೆ ಶೂ ಕಟ್ಟಿದರೆ, ಹೊಸಬರಿಗೆ ಇಲ್ಲದ ಒಂದು ತೊಂದರೆ ಅವರಿಗೆ ಇರುತ್ತದೆ. ಅದು ಹಳೇ ನೆನಪು. ಐದು ಕಿಲೋಮೀಟರ್ ಅಂದರೆ ಎಷ್ಟು ದೂರ, ಯಾವ ವೇಗಕ್ಕೆ ಹೋಗಬೇಕು, ಕೊನೆಯಲ್ಲಿ ಹೇಗೆ ಜೋರು ಮಾಡಬೇಕು, ಎಲ್ಲ ಗೊತ್ತು. ಹೊಸಬರು ಹೆದರಿಕೊಂಡು ನಿಧಾನವಾಗಿ ಹೋಗುತ್ತಾರೆ. ಹಳಬರು ಮೊದಲ ದಿನವೇ ಹಳೇ ವೇಗ ಹುಡುಕುತ್ತಾರೆ.

ಮೈ ಕೂಡ ಮೊದಮೊದಲು ಇದಕ್ಕೆ ಹೂಂಗುಟ್ಟುತ್ತದೆ. ಉಸಿರು, ಎದೆಬಡಿತ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂರನೇ ವಾರಕ್ಕೆ "ಅರೆ, ಇಷ್ಟು ಬೇಗ ವಾಪಸ್ ಬಂತಲ್ಲ" ಅನಿಸುತ್ತದೆ. ಕಾಲಿನ ಲೆಕ್ಕ ಮಾತ್ರ ಬೇರೆ. ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಕೈಗೆ ಸಿಗುವ ಗಟ್ಟಿ ನಾರು ಇದೆಯಲ್ಲ, ಡಾಕ್ಟರುಗಳು ಅಕಿಲಿಸ್ ಟೆಂಡನ್ ಅನ್ನುವುದು, ಅದು ಹೊಸ ಭಾರಕ್ಕೆ ಒಗ್ಗಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಅಲ್ಲಿ ರಕ್ತದ ಓಡಾಟವೇ ಕಮ್ಮಿ. ಪಾದದ ಅಡಿಯ ಪಟ್ಟಿಯದ್ದೂ, ಮೂಳೆಯದ್ದೂ ಇದೇ ಕಥೆ. ಓಡುವಾಗ ಪ್ರತಿ ಹೆಜ್ಜೆಗೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಉಸಿರು "ಹೋಗೋಣ" ಅಂದಾಗ ಕಾಲು ಇನ್ನೂ ಹೊರಟೇ ಇರುವುದಿಲ್ಲ. ಚಿಕ್ಕ ವಯಸ್ಸಿನ ಓಟಗಾರರಿಗೆ ಮಂಡಿನೋವು ಜಾಸ್ತಿ, ವಯಸ್ಸಾದವರಿಗೆ ಮೀನಖಂಡ ಮತ್ತು ಹಿಮ್ಮಡಿ ನಾರಿನ ತೊಂದರೆ ಜಾಸ್ತಿ. ಅದಕ್ಕೆ ಒಂದು ಕಾರಣ ಈ ಅಂತರವೇ ಅಂತ ನನ್ನ ಲೆಕ್ಕ.

ಹಾಗಾಗಿ ಮುಂದಿನ ಹೋಲಿಕೆಗೆಲ್ಲ ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಉಸಿರು ತಯಾರಾದ ಮೇಲೂ, ಕಾಲು ತಯಾರಾಗುವ ತನಕ ನಿಮ್ಮನ್ನು ಹಿಡಿದು ನಿಲ್ಲಿಸುವ ದಾರಿ ಯಾವುದು?

ಓಡುವ ಮೊದಲು ಒಂದು ಮಾತು

ನಡೆಯುವಾಗಲೋ ಮೆಟ್ಟಿಲು ಹತ್ತುವಾಗಲೋ ಎದೆ ಬಿಗಿದರೆ, ತಲೆಸುತ್ತು ಬಂದರೆ, ಕಾರಣವಿಲ್ಲದೆ ಉಸಿರು ಕಟ್ಟಿದರೆ ಮೊದಲು ಡಾಕ್ಟರನ್ನು ನೋಡಿ. ಬಿಪಿ, ಶುಗರ್ ಇದ್ದವರು, ಸಿಗರೇಟು ಸೇದುವವರು, ಹತ್ತಿರದ ರಕ್ತಸಂಬಂಧಿಗಳಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರು ಇದ್ದರೆ ಅಂಥವರೂ ಒಮ್ಮೆ ತೋರಿಸಿಕೊಂಡೇ ಶುರು ಮಾಡುವುದು ಒಳ್ಳೆಯದು. ಮುಟ್ಟು ನಿಂತ ಹೆಂಗಸರು ಮೂಳೆ ಸಾಂದ್ರತೆಯ ಪರೀಕ್ಷೆ ಬೇಕಾ ಅಂತ ಕೇಳಬೇಕು. ಮೂಳೆ ತೆಳುವಾಗಿದ್ದರೆ ಓಡಲೇಬಾರದು ಅಂತಲ್ಲ, ದೂರ ಏರಿಸುವ ವೇಗ ಬದಲಾಗುತ್ತದೆ.

ಹೆಚ್ಚಿನವರಿಗೆ ಯಾರೂ ಹೇಳದ ಇನ್ನೊಂದು ವಿಷಯ ಇದೆ. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯೋಟಿಕ್ ಮಾತ್ರೆಗಳು ಹಿಮ್ಮಡಿ ನಾರನ್ನು ಹಾಳು ಮಾಡಬಲ್ಲವು, ಕೆಲವೊಮ್ಮೆ ಹರಿಯುವಷ್ಟು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇವುಗಳ ಮೇಲೆ ತಮ್ಮ ಅತಿ ಗಂಭೀರ ಎಚ್ಚರಿಕೆಯನ್ನೇ ಹಾಕಿದರು. 60 ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಇತ್ತೀಚೆಗೆ ಇಂಥ ಕೋರ್ಸ್ ಮುಗಿಸಿದ್ದರೆ ಯಾವಾಗ ಓಡಬಹುದು ಅಂತ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಹೇಗೆ ಶುರು ಮಾಡುವುದು: ಐದು ದಾರಿ

ಮೊದಲನೆಯದು ಹಳೇ ಪ್ಲ್ಯಾನನ್ನೇ ಅರ್ಧ ಮಾಡಿಕೊಂಡು ಓಡುವುದು. ಓಟ ಬಿಟ್ಟು ಎರಡು ಮೂರು ತಿಂಗಳಾಗಿದ್ದರೆ ಇದು ಸಾಕು. ಜ್ವರ, ಪ್ರಯಾಣ, ಕೆಲಸದ ಒತ್ತಡ, ಇಂಥ ಕಾರಣಕ್ಕೆ ನಿಂತಿದ್ದರೆ ಸರಿ. ವರ್ಷಗಳೇ ಕಳೆದಿದ್ದರೆ ಇದನ್ನು ಮರೆತುಬಿಡಿ. ಅರ್ಧ ಅಂದರೂ ಅದು ಹಳೇ ಕಾಲಿನ ಅರ್ಧ, ಈಗಿನ ಕಾಲಿನದ್ದಲ್ಲ.

ಎರಡನೆಯದು ಎಲ್ಲರ ಫೋನಿನಲ್ಲೂ ಇರುವ "ಕೌಚ್ ಟು ಫೈವ್ ಕೆ". ಜಾಶ್ ಕ್ಲಾರ್ಕ್ ಎಂಬ ಹುಡುಗ 1996ರಲ್ಲಿ ಐವತ್ತು ದಾಟಿದ ತನ್ನ ಅಮ್ಮನಿಗಾಗಿ ಮಾಡಿದ್ದು. ಒಂಬತ್ತು ವಾರ, ವಾರಕ್ಕೆ ಮೂರು ದಿನ. ಮೊದಲ ವಾರ ಐದು ನಿಮಿಷ ಚುರುಕು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಮುಂದೆ ವಾರ ಕಳೆದ ಹಾಗೆ ಓಟ ಹೆಚ್ಚುತ್ತದೆ, ನಡಿಗೆ ಕರಗುತ್ತದೆ. ಇವತ್ತು ಏನು ಮಾಡಬೇಕು ಅಂತ ತಲೆ ಕೆಡಿಸಿಕೊಳ್ಳುವಂತಿಲ್ಲ, ಅದೇ ಇದರ ದೊಡ್ಡ ಸುಖ.

ಇದರ ತೊಂದರೆ ಐದನೇ ವಾರದಲ್ಲಿ ಕೂತಿದೆ. ಆ ವಾರದ ಎರಡನೇ ದಿನ ಎಂಟು ನಿಮಿಷ ಓಟ, ಐದು ನಿಮಿಷ ನಡಿಗೆ, ಮತ್ತೆ ಎಂಟು ನಿಮಿಷ ಓಟ. ಮೂರನೇ ದಿನ ನೇರವಾಗಿ ಇಪ್ಪತ್ತು ನಿಮಿಷ, ನಡುವೆ ನಡಿಗೆಯೇ ಇಲ್ಲ. ಹಳೇ ಓಟಗಾರರಿಗೆ ಇದು ಉಸಿರಿನ ಮಟ್ಟಿಗೆ ಏನೂ ಅಲ್ಲ. ಖುಷಿಯೇ ಆಗುತ್ತದೆ. ಐವತ್ತೈದರ ಮೀನಖಂಡಕ್ಕೆ ಮಾತ್ರ ಅದು ದೊಡ್ಡ ನೆಗೆತ. ಈ ದಾರಿ ಹಿಡಿದರೆ ನಾಲ್ಕನೇ ವಾರದಿಂದ ಆಚೆಗೆ ಪ್ರತಿ ವಾರವನ್ನೂ ಎರಡೆರಡು ಸಲ ಮಾಡಿ. ಆ್ಯಪ್ ಏನು ಹೇಳಿದರೂ ಹೇಳಿಕೊಳ್ಳಲಿ. ಒಂಬತ್ತು ವಾರದ್ದು ಹದಿನೈದು ವಾರ ಆಗುತ್ತದೆ, ಆಗಲಿ.

ಮೂರನೆಯದು ಜೆಫ್ ಗ್ಯಾಲೋವೇ ಹೇಳಿಕೊಟ್ಟ ಓಟ-ನಡಿಗೆ-ಓಟ. ಇವರು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 10,000 ಮೀಟರ್ ತಂಡದಲ್ಲಿದ್ದವರು. ಎರಡು ವರ್ಷದ ನಂತರ ಹೊಸಬರಿಗೆ ಓಟ ಕಲಿಸುವಾಗ ಈ ಕ್ರಮ ಶುರು ಮಾಡಿದರು. ಹಿಂದಿನ ದಾರಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅಲ್ಲಿ ನಡಿಗೆ ಅಂದರೆ ಊರುಗೋಲು, ಆದಷ್ಟು ಬೇಗ ಬಿಸಾಕಬೇಕು. ಇಲ್ಲಿ ನಡಿಗೆ ಓಟದ ಒಳಗೇ ಇರುತ್ತದೆ, ಕೊನೆಯವರೆಗೂ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯುವುದು. 30 ಸೆಕೆಂಡ್ ಓಟ, 30 ಸೆಕೆಂಡ್ ನಡಿಗೆ ಅಂತ ಇಡೀ ಮ್ಯಾರಥಾನ್ ಮುಗಿಸುವವರಿದ್ದಾರೆ.

ಹಳೇ ಓಟಗಾರರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಇನ್ನೂ ಚೆನ್ನಾಗಿ ಓಡಬಲ್ಲೆ ಅನ್ನುವಾಗ ವಾಚು ಬೀಪ್ ಅನ್ನುತ್ತದೆ, ನಿಲ್ಲಬೇಕು. ಪಕ್ಕದಲ್ಲಿ ಹೋಗುವವರು "ಏನ್ ಸಾರ್, ಇಷ್ಟಕ್ಕೇ ಸುಸ್ತಾ?" ಅಂತ ನೋಡಿದ ಹಾಗೆ ಅನಿಸುತ್ತದೆ. ನನ್ನ ಅಳತೆಯಲ್ಲಿ ಇದಕ್ಕೆ ಮೊದಲ ಸ್ಥಾನ ಸಿಗುವುದು ಈ ಬೀಪ್‌ನಿಂದಲೇ. ಉಸಿರಿನ ಮಾತು ಕೇಳದೆ ನಿಲ್ಲಿಸುತ್ತದೆ. ಪ್ರತಿ ನಡಿಗೆಯಲ್ಲೂ ಮೀನಖಂಡ ಒಂದಿಷ್ಟು ಸಡಿಲವಾಗುತ್ತದೆ.

ನಾಲ್ಕನೆಯದು ಸ್ಲೋ ಜಾಗಿಂಗ್. ಜಪಾನಿನ ಫುಕುಓಕಾ ವಿಶ್ವವಿದ್ಯಾಲಯದ ಹಿರೋಆಕಿ ತನಾಕಾ ಇದನ್ನು ಬೆಳೆಸಿದರು. ನಗುನಗುತ್ತಾ ಮಾತಾಡಬಹುದಾದ ವೇಗ, ಅವರ ಭಾಷೆಯಲ್ಲಿ "ನಿಕೋ ನಿಕೋ". ಹೆಜ್ಜೆ ತೀರಾ ಚಿಕ್ಕದು, ನಿಮಿಷಕ್ಕೆ ಸುಮಾರು 180. ವೇಗ ನಡಿಗೆಯಷ್ಟೇ, ಆದರೆ ಓಟ. ತೂಕ ಜಾಸ್ತಿ ಇರುವವರಿಗೆ, ಮಂಡಿ ಕಿರಿಕಿರಿ ಇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಹೆಜ್ಜೆ ಚಿಕ್ಕದಾದಷ್ಟೂ ಮಂಡಿಗೆ ಭಾರ ಕಮ್ಮಿ. ಒಂದು ಎಚ್ಚರಿಕೆ ಇದೆ. ಇದರಲ್ಲಿ ಹಿಮ್ಮಡಿ ಊರದೆ ಪಾದದ ಮುಂಭಾಗ ಊರಲು ಹೇಳುತ್ತಾರೆ. ಆಗ ಮಂಡಿಯಿಂದ ತಪ್ಪಿದ ಭಾರ ಮೀನಖಂಡಕ್ಕೆ ಹೋಗುತ್ತದೆ. ಹಿಮ್ಮಡಿ ನಾರು ಹಿಂದೆ ಯಾವತ್ತಾದರೂ ನೋವು ಕೊಟ್ಟಿದ್ದರೆ ಚಿಕ್ಕ ಹೆಜ್ಜೆಯನ್ನು ಮಾತ್ರ ಇಟ್ಟುಕೊಳ್ಳಿ, ಪಾದ ಹೇಗೆ ಊರುತ್ತದೋ ಹಾಗೆ ಊರಲಿ.

ಐದನೆಯದು ಎದೆಬಡಿತ ನೋಡಿಕೊಂಡು ಓಡುವುದು. ಫಿಲ್ ಮ್ಯಾಫೆಟೋನ್ ಅವರ ಸೂತ್ರ ಸುಲಭ: 180ರಿಂದ ವಯಸ್ಸು ಕಳೆಯಿರಿ, ಅದಕ್ಕಿಂತ ಮೇಲೆ ಹೋಗಬೇಡಿ. ಬಹಳ ದಿನ ಬಿಟ್ಟು ಬಂದವರು, ಪದೇ ಪದೇ ಪೆಟ್ಟು ಮಾಡಿಕೊಳ್ಳುವವರು ಇನ್ನೂ ಐದು ಕಳೆಯಬೇಕು. ದೊಡ್ಡ ಕಾಯಿಲೆಯಿಂದ ಎದ್ದವರು, ದಿನಾ ಮಾತ್ರೆ ತೆಗೆದುಕೊಳ್ಳುವವರು ಹತ್ತು. 55 ವಯಸ್ಸಿನವರು ವಾಪಸ್ ಬರುತ್ತಿದ್ದರೆ 120. ಈ ಅಂಕಿಯ ಒಳಗೆ ಹೆಚ್ಚಿನವರಿಗೆ ಮೊದಲ ತಿಂಗಳು ಓಡುವುದಕ್ಕೇ ಆಗುವುದಿಲ್ಲ, ಏರು ಬಂದರೆ ನಡೆಯಬೇಕಾಗುತ್ತದೆ. ತಡೆದು ನಿಲ್ಲಿಸುವ ವಿಷಯದಲ್ಲಿ ಇದಕ್ಕೂ ಒಳ್ಳೆ ಅಂಕ ಕೊಡಬೇಕು.

ಹಾಗಿದ್ದೂ ನಾನು ಇದನ್ನು ಮೊದಲ ಆಯ್ಕೆ ಮಾಡುವುದಿಲ್ಲ. ಕಾರಣ ಮೂರು. ಈ ಸೂತ್ರಗಳೆಲ್ಲ ಸರಾಸರಿ ಮನುಷ್ಯನಿಗೆ ಮಾಡಿದ್ದು. ಅತಿ ಹೆಚ್ಚು ಎದೆಬಡಿತ ಎಷ್ಟು ಅನ್ನುವುದಕ್ಕೇ ಹಳೇ ಲೆಕ್ಕ 220ರಿಂದ ವಯಸ್ಸು ಕಳೆಯುವುದು. 2001ರಲ್ಲಿ ಬಂದ ಇನ್ನೊಂದು ಲೆಕ್ಕದಲ್ಲಿ 208ರಿಂದ ವಯಸ್ಸಿನ 0.7 ಪಟ್ಟು ಕಳೆಯಬೇಕು. ನಲವತ್ತರಲ್ಲಿ ಎರಡೂ 180 ಕೊಡುತ್ತವೆ. ಅರವತ್ತರಲ್ಲಿ ಒಂದು 160 ಅನ್ನುತ್ತದೆ, ಇನ್ನೊಂದು 166. ಯಾವುದೇ ಒಬ್ಬರಿಗೆ ನಿಜವಾದ ಅಂಕಿ ಇದಕ್ಕಿಂತ ಹತ್ತು ಆಚೀಚೆ ಇರುವುದು ಮಾಮೂಲು. ಎರಡನೆಯದು, ಮಣಿಕಟ್ಟಿನ ವಾಚು ಕೆಲವೊಮ್ಮೆ ಎದೆಬಡಿತ ಬಿಟ್ಟು ಹೆಜ್ಜೆಯನ್ನೇ ಎಣಿಸುತ್ತದೆ. ನೆಮ್ಮದಿಯಾಗಿ ಓಡುತ್ತಿದ್ದಾಗ 170 ತೋರಿಸಿದರೆ ಗಾಬರಿಯಾಗುವ ಮೊದಲು ಹೆಜ್ಜೆ ಎಣಿಸಿ ನೋಡಿ. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಕಸ್ತ. ಮೂರನೆಯದು, ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಮಾತ್ರೆಯಿಂದಲೇ ಇಳಿದಿರುತ್ತದೆ, ಅವರಿಗೆ ಈ ಯಾವ ಸೂತ್ರವೂ ಲಾಗೂ ಆಗುವುದಿಲ್ಲ. ಇಷ್ಟೆಲ್ಲ ಯಾಕೆ, ಓಡುತ್ತಾ ಒಂದು ಪೂರ್ತಿ ವಾಕ್ಯ ಜೋರಾಗಿ ಹೇಳಿ. ನಡುವೆ ಉಸಿರಿಗೆ ನಿಲ್ಲದೆ ಮುಗಿದರೆ ವೇಗ ಸರಿಯಿದೆ.

ಆರಿಸಿ ಅಂದರೆ, ಐದು ವರ್ಷಕ್ಕಿಂತ ಜಾಸ್ತಿ ಬಿಟ್ಟವರಿಗೆ ಮೊದಲ ಮೂರು ತಿಂಗಳು ಗ್ಯಾಲೋವೇ ದಾರಿ, ಆಮೇಲೆ ಬೇಕಾದರೆ ಓಟದ ತುಂಡುಗಳನ್ನು ಉದ್ದ ಮಾಡುತ್ತಾ ಸ್ಲೋ ಜಾಗಿಂಗ್. ಗಡಿಯಾರ, ಪ್ಲ್ಯಾನ್ ಇಲ್ಲದಿದ್ದರೆ ಮನೆಯಿಂದ ಹೊರಗೇ ಹೋಗದವರಿಗೆ ನಿಧಾನ ಮಾಡಿದ ಕೌಚ್ ಟು ಫೈವ್ ಕೆ.

ಒಂದು ದಿನದ ಲೆಕ್ಕ ಹೀಗಿರುತ್ತದೆ. ಹತ್ತು ನಿಮಿಷ ನಡಿಗೆ, ಕೊನೆಯ ಮೂರು ನಿಮಿಷ ಬಸ್ಸು ತಪ್ಪಿಹೋಗುತ್ತದೆ ಅನ್ನುವಷ್ಟು ಚುರುಕು. ನಿಂತು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ, ಒಂದೊಂದು ಕಾಲನ್ನು ಹಿಂದೆ ಮುಂದೆ ಬೀಸಿ. ಆಮೇಲೆ 30 ಸೆಕೆಂಡ್ ಓಟ, 60 ಸೆಕೆಂಡ್ ನಡಿಗೆ, ಹನ್ನೆರಡು ಸಲ. ಒಟ್ಟು ಓಡಿದ್ದು ಆರು ನಿಮಿಷ ಅಷ್ಟೇ. ಮನೆಗೆ ಬಂದಾಗ "ಇದೇನು ಸುಮ್ನೆ ಟೈಮ್ ವೇಸ್ಟ್" ಅನಿಸಬೇಕು, ಅನಿಸಿದರೆ ಸರಿಯಾಗಿ ಮಾಡಿದ್ದೀರಿ. ಪರೀಕ್ಷೆ ಮಾರನೇ ಬೆಳಿಗ್ಗೆ. ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ಗಮನಿಸಿ. ಹಿಮ್ಮಡಿ ಹತ್ತಿರ ಬಿಗಿತ, ಪಾದದಡಿ ಚುಚ್ಚುವುದು ಇಲ್ಲದಿದ್ದರೆ ಮುಂದಿನ ವಾರ ನಡಿಗೆಯಿಂದ 15 ಸೆಕೆಂಡ್ ಕಡಿಮೆ ಮಾಡಿ. ಇದ್ದರೆ ಅದೇ ಲೆಕ್ಕದಲ್ಲಿ ಇನ್ನೊಂದು ವಾರ.

ವಾರಕ್ಕೆ ಮೂರು ದಿನವಾ, ಐದು ದಿನವಾ?

ಮೂರು. ಎರಡು ಓಟದ ನಡುವೆ ಕನಿಷ್ಠ ಒಂದು ದಿನ. ಉಳಿದ ದಿನ ನಡಿಗೆ, ಸೈಕಲ್, ಈಜು ಏನಾದರೂ ಇರಲಿ. ಆರು ತಿಂಗಳು ಯಾವ ತಕರಾರೂ ಇಲ್ಲದೆ ಹೋದರೆ ನಾಲ್ಕನೇ ದಿನದ ಬಗ್ಗೆ ಯೋಚಿಸಬಹುದು.

ದೂರ ಏರಿಸುವುದಕ್ಕೆ ಎಲ್ಲರೂ ಹೇಳುವ ನಿಯಮ, ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಬೇಡ ಅನ್ನುವುದು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇದನ್ನು ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ಪರೀಕ್ಷಿಸಿದರು, ಫಲಿತಾಂಶ 2008ರಲ್ಲಿ ಬಂತು. ಒಂದು ಗುಂಪು ಹದಿಮೂರು ವಾರ ಹತ್ತು ಪರ್ಸೆಂಟ್ ಲೆಕ್ಕದಲ್ಲಿ ಏರಿಸಿತು, ಇನ್ನೊಂದು ಎಂಟೇ ವಾರದಲ್ಲಿ ಮಾಮೂಲು ಕ್ರಮದಲ್ಲಿ. ಪೆಟ್ಟು ಮಾಡಿಕೊಂಡವರು ಎರಡರಲ್ಲೂ ಐವರಲ್ಲಿ ಒಬ್ಬರು. ಅಂದರೆ ವಾರದ ಮೊತ್ತ ನೋಡುತ್ತಾ ಕೂತರೆ ಸಾಲದು. ನಾನು ನೋಡಿಕೊಳ್ಳಲು ಹೇಳುವುದು ಒಂದೇ ಓಟದ ಉದ್ದವನ್ನು. ಕಳೆದ ಒಂದು ತಿಂಗಳಲ್ಲಿ ಓಡಿದ ಅತಿ ಉದ್ದದ ಓಟ 4 ಕಿಲೋಮೀಟರ್ ಆಗಿದ್ದರೆ ಇವತ್ತಿನದು ನಾಲ್ಕೂವರೆ ದಾಟದಿರಲಿ. ಗೆಳೆಯರ ಜೊತೆ ಭಾನುವಾರ ಹೋಗಿ, ಮಾತಿನ ಭರದಲ್ಲಿ ಏಳು ಕಿಲೋಮೀಟರ್ ಆಗಿಬಿಡುತ್ತದೆ ನೋಡಿ, ಮೀನಖಂಡ ಹಿಡಿದುಕೊಳ್ಳುವುದು ಅಂಥ ದಿನವೇ.

ಮಣ್ಣು, ರಸ್ತೆ, ಟ್ರ್ಯಾಕ್, ಟ್ರೆಡ್‌ಮಿಲ್

ಕಾಂಕ್ರೀಟ್ ಕೆಟ್ಟದ್ದು, ಹುಲ್ಲು ಒಳ್ಳೆಯದು ಅನ್ನುವ ಮಾತು ಅರ್ಧ ನಿಜ. ನೆಲ ಗಟ್ಟಿ ಇದ್ದರೆ ಕಾಲು ತಾನೇ ಸ್ವಲ್ಪ ಮೆತ್ತಗಾಗುತ್ತದೆ, ನೆಲ ಮೆತ್ತಗಿದ್ದರೆ ಕಾಲು ಬಿಗಿಯಾಗುತ್ತದೆ. ಹಾಗಾಗಿ ಡಾಂಬರಿಗೂ ಕಾಂಕ್ರೀಟಿಗೂ ಇರುವ ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ವಯಸ್ಸಾದವರು ನೋಡಬೇಕಾದದ್ದು ಬೇರೆ: ನೆಲ ಸಮ ಇದೆಯಾ? ಹುಲ್ಲಿನ ಒಳಗಿನ ಗುಂಡಿ ಕಾಣುವುದಿಲ್ಲ, ಕಣಕಾಲು ಉಳುಕುತ್ತದೆ. ಒಣಮರಳಿನಲ್ಲಿ ಹಿಮ್ಮಡಿ ಹೂತು ನಾರು ಎಳೆಯುತ್ತದೆ. ರಸ್ತೆಯ ಅಂಚು ಒಂದು ಕಡೆ ಇಳಿಜಾರಾಗಿರುತ್ತದೆ, ಹೋದ ಬದಿಯಲ್ಲೇ ವಾಪಸ್ ಬಂದರೆ ಎರಡೂ ಕಾಲಿಗೆ ಸಮ ಪಾಲು. ಟ್ರ್ಯಾಕ್‌ನಲ್ಲಿ ಒಂದೇ ದಿಕ್ಕಿಗೆ ಸುತ್ತಬೇಡಿ. ಗಟ್ಟಿಯಾಗಿ ಕೂತ, ಸಮವಾದ ಮಣ್ಣಿನ ದಾರಿ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ.

ಟ್ರೆಡ್‌ಮಿಲ್‌ನ ದೊಡ್ಡ ಲಾಭ, ವೇಗ ನಿಮ್ಮ ಕೈಯಲ್ಲಿರುವುದು. ಗುಂಡಿ ಒತ್ತಿದಷ್ಟೇ ಓಡುತ್ತದೆ, ಹಳೇ ನೆನಪು ಬಂದು ಜೋರು ಮಾಡುವುದಿಲ್ಲ. ಮಳೆ, ಬಿಸಿಲು, ಕತ್ತಲೆಗೆ ನೆಪವೂ ಇಲ್ಲ. ಆದರೆ ಹಿಮ್ಮಡಿ ನಾರಿಗೆ ಅಲ್ಲಿ ಭಾರ ಕಮ್ಮಿ ಅನ್ನುವುದು ತಪ್ಪು ತಿಳುವಳಿಕೆ, ಸ್ವಲ್ಪ ಜಾಸ್ತಿಯೇ ಇರಬಹುದು. ಹೊರಗಿನ ಓಟಕ್ಕೆ ಸರಿಸಮ ಆಗಲಿ ಅಂತ ಒಂದು ಪರ್ಸೆಂಟ್ ಏರು ಇಡುವ ರೂಢಿ 1996ರ ಒಂದು ಅಧ್ಯಯನದಿಂದ ಬಂದದ್ದು, ಅದು ಗಂಟೆಗೆ 10 ಕಿಲೋಮೀಟರ್‌ಗಿಂತ ವೇಗವಾಗಿ ಓಡುವವರ ಲೆಕ್ಕ. ನಮಗೆ ಸೊನ್ನೆ ಸಾಕು.

ಶೂ: ಅಂಗಡಿಯಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ

ಮೆತ್ತಗಿನ ದಪ್ಪ ಸೋಲ್, ತೆಳು ಸೋಲ್, ಕಾರ್ಬನ್ ಪ್ಲೇಟ್, ಒಳಗೆ ವಾಲುವ ಪಾದಕ್ಕೆ ಬೇರೆ, ಹೊರಗೆ ವಾಲುವ ಪಾದಕ್ಕೆ ಬೇರೆ, ಹೀಗೆ ಅಂಗಡಿಯಲ್ಲಿ ತಲೆ ತಿರುಗುತ್ತದೆ. ಪಾದದ ಆಕಾರ ನೋಡಿ ಶೂ ಕೊಟ್ಟರೆ ಪೆಟ್ಟು ತಪ್ಪುತ್ತದಾ ಅಂತ ಸೈನಿಕರ ಮೇಲೆ ದೊಡ್ಡ ಪ್ರಮಾಣದಲ್ಲಿ ನೋಡಿದ್ದಾರೆ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಾಕಿ ನಾಲ್ಕು ಹೆಜ್ಜೆ ಓಡಿದಾಗ ಆರಾಮ ಅನಿಸಬೇಕು, ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗ ಹೋಗಿ ನೋಡಿ.

ಕೇಳಬೇಕಾದ ಪ್ರಶ್ನೆ "ಡ್ರಾಪ್ ಎಷ್ಟು?" ಅನ್ನುವುದು. ಹಿಮ್ಮಡಿ ಕೆಳಗಿನ ಸೋಲ್, ಬೆರಳ ಕೆಳಗಿನ ಸೋಲ್‌ಗಿಂತ ಎಷ್ಟು ಮಿಲಿಮೀಟರ್ ಎತ್ತರ ಇದೆ ಅನ್ನುವ ಲೆಕ್ಕ ಅದು. 8ರಿಂದ 12 ಇದ್ದರೆ ಹಿಮ್ಮಡಿ ಎತ್ತರದಲ್ಲಿರುತ್ತದೆ, ಮೀನಖಂಡಕ್ಕೆ ಆರಾಮ, ಮಂಡಿಗೆ ಸ್ವಲ್ಪ ಜಾಸ್ತಿ ಕೆಲಸ. 0ರಿಂದ 4 ಇದ್ದರೆ ಉಲ್ಟಾ. ಹಿಮ್ಮಡಿ ನಾರು, ಮೀನಖಂಡ ತೊಂದರೆ ಕೊಡುವವರಿಗೆ ಎತ್ತರದ್ದು. ಮಂಡಿ ನೋಯುವವರು ಕಡಿಮೆ ಡ್ರಾಪ್ ನೋಡಬಹುದು, ಆದರೆ ಹಳೇ ಶೂ 10 ಆಗಿದ್ದರೆ ಒಂದೇ ಸಲ 0ಗೆ ಇಳಿಯಬೇಡಿ. ಬರಿಗಾಲ ಓಟದ ಬಗ್ಗೆ ಕೇಳುವವರಿಗೂ ಇದೇ ಉತ್ತರ: ಇಪ್ಪತ್ತೈದರಲ್ಲಿ ಪ್ರಯೋಗ ಮಾಡಬಹುದಿತ್ತು. ಕಾರ್ಬನ್ ಪ್ಲೇಟ್ ಶೂ ರೇಸಿನ ವೇಗಕ್ಕೆ ಮಾಡಿದ್ದು, ನಮ್ಮ 30 ಸೆಕೆಂಡ್ ಓಟಕ್ಕೆ ಅದರ ಹಂಗಿಲ್ಲ. ಅಟ್ಟದ ಮೇಲಿನ ಹದಿನೈದು ವರ್ಷದ ಹಳೇ ಶೂ ಹೊಸದರ ಹಾಗೇ ಕಂಡರೂ ಹಾಕಿಕೊಳ್ಳಬೇಡಿ, ಸೋಲಿನ ಫೋಮ್ ಗಟ್ಟಿಯಾಗಿರುತ್ತದೆ, ಅಂಟು ಬಿಟ್ಟಿರುತ್ತದೆ. ಹೊಸದೂ 500ರಿಂದ 800 ಕಿಲೋಮೀಟರ್‌ಗೆ ಬದಲಾಯಿಸುವಂತಾಗುತ್ತದೆ.

ಜಿಮ್ಮಾ, ಮನೆ ಮೆಟ್ಟಿಲಾ?

ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟ್ ಮಾಂಸಖಂಡ ಕರಗುತ್ತದೆ, ಅರವತ್ತರ ಆಚೆ ಇನ್ನೂ ಬೇಗ. ಓಟ ಒಂದೇ ಇದನ್ನು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ: ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಬೇಕು, 65 ದಾಟಿದವರು ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು.

ಜಿಮ್ಮಿಗೆ ಹೋಗುವ ಅಭ್ಯಾಸ ಇದ್ದವರಿಗೆ ಜಿಮ್ಮೇ ಒಳ್ಳೆಯದು, ಭಾರ ಏರಿಸುತ್ತಾ ಹೋಗಬಹುದು. ಇಲ್ಲದವರಿಗೆ ಒಂದು ಮೆಟ್ಟಿಲು ಸಾಕು. ಪಾದದ ಮುಂಭಾಗ ಮೆಟ್ಟಿಲ ಅಂಚಿನ ಮೇಲೆ, ಹಿಮ್ಮಡಿ ಗಾಳಿಯಲ್ಲಿ, ಕೈ ಗೋಡೆಯ ಮೇಲೆ. ಎರಡೂ ಕಾಲಿನಲ್ಲಿ ಮೇಲೆದ್ದು, ಒಂದು ಕಾಲೆತ್ತಿ, ಇನ್ನೊಂದರ ಮೇಲೆ ಮೂರು ಎಣಿಸುತ್ತಾ ನಿಧಾನ ಇಳಿಯಿರಿ, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವ ತನಕ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ನೋವಿರುವ ಹಿಮ್ಮಡಿ ನಾರಿಗೆ ಪ್ರಕಟಿಸಿದ ಕ್ರಮ ಇದು. ಮಂಡಿ ನೇರ ಇಟ್ಟು 15ರ ಮೂರು ಸುತ್ತು, ಮಂಡಿ ಸ್ವಲ್ಪ ಮಡಚಿ ಮತ್ತೆ ಮೂರು ಸುತ್ತು, ದಿನಕ್ಕೆ ಎರಡು ಸಲ, ಹನ್ನೆರಡು ವಾರ. ನೋವಿಲ್ಲದವರಿಗೆ ಅಷ್ಟು ಬೇಡ, ವಾರಕ್ಕೆ ಮೂರು ದಿನ ಒಂದೆರಡು ಸುತ್ತು ಮಾಡಿದರೂ ಆದೀತು. ಹಿಮ್ಮಡಿ ಎಲುಬಿಗೆ ನಾರು ಅಂಟುವ ಜಾಗದಲ್ಲೇ ನೋವಿದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು, ಸಮನೆಲದಲ್ಲಿ ಮಾಡಿ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾಡುತ್ತೇನೆ ಅಂದರೆ ನಾನು ಇದನ್ನು ಮಾಡಿ ಅನ್ನುತ್ತೇನೆ.

ಒಬ್ಬರೇನಾ, ಗುಂಪಿನ ಜೊತೆನಾ? ರೇಸ್ ಬೇಕಾ?

ಗುಂಪಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ, ಅದು ಒಳ್ಳೆಯದೇ. ವೇಗ ಮಾತ್ರ ಗುಂಪಿನದ್ದಾಗುತ್ತದೆ, ನಿಮ್ಮದಲ್ಲ. ಮೊದಲ ಮೂರು ತಿಂಗಳು ಒಬ್ಬರೇ, ಇಲ್ಲವೇ ನಿಮಗಿಂತ ನಿಧಾನದ ಒಬ್ಬರ ಜೊತೆ ಓಡಿ. ಗುಂಪು ಆಮೇಲೆ.

ರೇಸಿನ ಗುರಿ ಇಟ್ಟುಕೊಳ್ಳುವವರಿಗೆ ಎರಡು ದಾರಿ. ಹಳೇ ಟೈಮನ್ನು ಮುರಿಯಲು ಹೋಗುವುದು ಒಂದು. ಅಭ್ಯಾಸ ಇಲ್ಲದವರಲ್ಲಿ ದೇಹ ಆಮ್ಲಜನಕ ಬಳಸುವ ಶಕ್ತಿ ಮೂವತ್ತರ ನಂತರ ದಶಕಕ್ಕೆ ಸುಮಾರು 10 ಪರ್ಸೆಂಟ್ ಇಳಿಯುತ್ತದೆ, ಬಿಡದೆ ಜೋರಾಗಿ ಅಭ್ಯಾಸ ಮಾಡುವವರಲ್ಲೂ ಅದರ ಅರ್ಧದಷ್ಟು ಇಳಿಯುತ್ತದೆ. ಹಾಗಾಗಿ ಇದು ಹೆಚ್ಚಿನವರಿಗೆ ಸೋಲುವ ಜೂಜು. ಇನ್ನೊಂದು, ವಯಸ್ಸಿನ ಲೆಕ್ಕ ಹಾಕಿ ಅಂಕ ಕೊಡುವ ಪದ್ಧತಿ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಐದೈದು ವರ್ಷದ ಗುಂಪುಗಳಿವೆ, ನಿಮ್ಮ ಟೈಮನ್ನು ಆ ವಯಸ್ಸಿನ ಅತ್ಯುತ್ತಮದ ಜೊತೆ ಹೋಲಿಸಿ ಪರ್ಸೆಂಟ್ ಕೊಡುವ ಪಟ್ಟಿಗಳೂ ಇವೆ. ಐವತ್ತೆಂಟರಲ್ಲಿ ಓಡಿದ ನಿಧಾನದ ಐದು ಕಿಲೋಮೀಟರ್, ಮೂವತ್ತರ ವೇಗದ ಐದು ಕಿಲೋಮೀಟರ್‌ಗಿಂತ ಒಳ್ಳೆ ಅಂಕ ಪಡೆಯಬಹುದು. ಹಳೇ ಡೈರಿ ತೆರೆದು ಕೊರಗುವುದಕ್ಕಿಂತ ಇದು ವಾಸಿ ಅಲ್ವಾ?

ಕೆನಡಾದ ಎಡ್ ವಿಟ್‌ಲಾಕ್ ಹೆಸರು ಇಲ್ಲಿ ಹೇಳಲೇಬೇಕು. ಹುಡುಗನಾಗಿದ್ದಾಗ ಚೆನ್ನಾಗಿ ಓಡುತ್ತಿದ್ದವರು, ಬಿಟ್ಟು, ನಲವತ್ತರ ಆಚೆ ಮತ್ತೆ ಶುರು ಮಾಡಿದರು. 2003ರಲ್ಲಿ 72ನೇ ವಯಸ್ಸಿಗೆ ಮ್ಯಾರಥಾನನ್ನು 2 ಗಂಟೆ 59 ನಿಮಿಷದಲ್ಲಿ ಮುಗಿಸಿ, ಎಪ್ಪತ್ತು ದಾಟಿದ ಮೇಲೆ ಮೂರು ಗಂಟೆಯ ಒಳಗೆ ಓಡಿದ ಮೊದಲಿಗರಾದರು. ಮುಂದಿನ ವರ್ಷ 2 ಗಂಟೆ 54 ನಿಮಿಷ. ಮನೆ ಪಕ್ಕದ ಸ್ಮಶಾನದಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಸುತ್ತು ಹಾಕುವುದೇ ಅವರ ಅಭ್ಯಾಸವಾಗಿತ್ತು. ಆ ಗಂಟೆಗಳನ್ನು ನಕಲು ಮಾಡಲು ಹೋಗಬೇಡಿ. ನಿಧಾನವನ್ನು ನಕಲು ಮಾಡಿ, ಮನೆಯ ಸುತ್ತಮುತ್ತ ಸುತ್ತು ಹಾಕುವ ಉಪಾಯವನ್ನೂ. ಕಾಲು ಹಿಡಿದುಕೊಂಡರೆ ಮನೆ ಹತ್ತಿರವೇ ಇರುತ್ತದೆ.

ಮಂಡಿ ಸವೆಯುತ್ತದೆ ಅನ್ನುವವರಿಗೆ

ಸ್ಟ್ಯಾನ್‌ಫರ್ಡ್‌ನಲ್ಲಿ 1984ರಿಂದ ಐವತ್ತು ದಾಟಿದ ಓಟಗಾರರನ್ನೂ ಓಡದವರನ್ನೂ ಇಪ್ಪತ್ತೊಂದು ವರ್ಷ ಹಿಂಬಾಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಓಡುವವರು ದಿನನಿತ್ಯದ ಕೆಲಸಗಳಿಗೆ ಕಷ್ಟಪಡಲು ಶುರು ಮಾಡಿದ್ದು ಬಹಳ ವರ್ಷ ತಡವಾಗಿ. ಅವರಲ್ಲಿ ಕೆಲವರ ಮಂಡಿಯ ಎಕ್ಸ್‌ರೇ ನೋಡಿದಾಗ ಸವೆತ ಓಡದವರಿಗಿಂತ ಜಾಸ್ತಿ ಇರಲಿಲ್ಲ. ಈಗಾಗಲೇ ಮಂಡಿ ಸವೆದಿದೆ, ಊದುತ್ತದೆ ಅನ್ನುವವರ ವಿಷಯ ಬೇರೆ. ಅವರು ಫಿಸಿಯೋಥೆರಪಿಸ್ಟ್ ಜೊತೆ ಕೂತು ತೀರ್ಮಾನ ಮಾಡಬೇಕು. ನಡಿಗೆ, ಸೈಕಲ್ ಆರಿಸಿಕೊಂಡರೂ ಏನೂ ನಷ್ಟವಿಲ್ಲ.

ನೋವು ಬಂದಾಗ: ಓಡುವುದಾ, ನಿಲ್ಲುವುದಾ?

ಹತ್ತರಲ್ಲಿ ಎರಡು ಮೂರರಷ್ಟು ಇರುವ, ಓಡುತ್ತಾ ಹೋದಂತೆ ಹೆಚ್ಚಾಗದ, ಮಾರನೇ ದಿನಕ್ಕೆ ಇಳಿಯುವ ನೋವಿಗೆ ನಿಲ್ಲಿಸಬೇಕಿಲ್ಲ. ಓಟದ ತುಂಡು ಚಿಕ್ಕದು ಮಾಡಿ ಮುಂದುವರಿಸಿ. ಹೆಜ್ಜೆ ಕುಂಟಾದರೆ ಆ ದಿನ ಮುಗಿಯಿತು, ವಾಪಸ್ ನಡೆಯಿರಿ. ಮೀನಖಂಡದಲ್ಲಿ ಯಾರೋ ಹಿಂದಿನಿಂದ ಕಲ್ಲು ಹೊಡೆದ ಹಾಗೆ ಫಟ್ ಅಂದರೆ ಎರಡು ಹೆಜ್ಜೆ ಕೂಡ ಓಡಿ ನೋಡಬೇಡಿ. ಕಾಲ್ಬೆರಳ ಮೇಲೆ ಏಳಲು ಆಗದಿದ್ದರೆ ನಾರು ಹರಿದಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಮೊಣಕಾಲಿನ ಕೆಳಗಿನ ಎಲುಬಿನಲ್ಲೋ ಪಾದದ ಎಲುಬಿನಲ್ಲೋ ಒಂದೇ ಬೆರಳಿನಲ್ಲಿ ಒತ್ತಿ ತೋರಿಸಬಹುದಾದಷ್ಟು ಚಿಕ್ಕ ಜಾಗ ನೋಯುತ್ತಿದ್ದು, ರಾತ್ರಿ ಮಲಗಿದಾಗಲೂ ನೋವಿದ್ದರೆ ಅದು ಎಲುಬಿನ ಸಣ್ಣ ಬಿರುಕಾಗಿರಬಹುದು. ಮೊದಮೊದಲು ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗುವುದುಂಟು. ಹಾಗಾಗಿ "ಎಕ್ಸ್‌ರೇ ಕ್ಲಿಯರ್ ಇದೆ" ಅಂತ ಓಡಲು ಹೊರಡಬೇಡಿ, ನೋವು ಹಾಗೇ ಇದ್ದರೆ ಎಂಆರ್‌ಐ ಬೇಕಾ ಅಂತ ಕೇಳಿ.